ಗುರ್ತು ಸಿಗಲಿಲ್ಲೇನ್ರಿ ಸರ?

ಮೂವತ್ನಾಲ್ಕು ವರ್ಷ ಮಾಸ್ತರಿಕೆ ಮಾಡಿದ ನನಗೆ ಒಂದು ಸಣ್ಣ ಮಾತು ಆಡಲು ಬರುತ್ತಿರಲಿಲ್ಲ. ‘ನೀನು ಯಾರಪ್ಪ?’ ಇಷ್ಟೇ ಮಾತು. ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ದಪ್ಪ ಮೀಸೆಯ ಒಬ್ಬ ಗಂಡಸು ಗಬಕ್ಕನೆ ಬಗ್ಗಿ ಕಾಲು ಮುಟ್ಟಿ ‘ಗುರ್ತು ಸಿಗಲಿಲ್ಲೇನ್ರಿ ಸರ?’ ಎಂದರೆ ಮುಗಿಯಿತು. ನನ್ನ ಬಾಯಿ ನನ್ನ ಅಪ್ಪಣೆಗೂ ಕಾಯದೆ ‘ನಿನ್ನ ಮರೀತೀನೇನೋ!’ ಎಂದುಬಿಡುತ್ತಿತ್ತು. ಆಮೇಲೆ ಅವನು ಯಾರು, ಯಾವ ಊರು, ಯಾವ ವರ್ಷದ ಹುಡುಗ ಎಂಬುದನ್ನು ಅವನ ಬಾಯಿಂದಲೇ ಹೊರಡಿಸುವ ಪತ್ತೇದಾರಿಕೆ ಶುರು. ಹೀಗೆ ಒಮ್ಮೆ ಒಬ್ಬನಿಗೆ ಅಪ್ಪ ಆರಾಮ ಇದ್ದಾನೇನೋ ಎಂದು ಕೇಳಿದೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತೆಂದೂ, ಮಣ್ಣಿಗೆ ನಾನೇ ಬಂದಿದ್ದೆನೆಂದೂ ಅವನು ಹೇಳಿದ. ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು.

ಈಗೀಗ ನನ್ನ ಮೊಬೈಲಿಗೆ ಬ್ಯಾಂಕಿನವರು ದಿನಕ್ಕೊಂದು ಎಚ್ಚರಿಕೆ ಕಳಿಸುತ್ತಾರೆ. ಪಿನ್ ಹೇಳಬೇಡಿ, ಒಟಿಪಿ ಕೊಡಬೇಡಿ, ಆಧಾರ್ ಕಾರ್ಡಿನ ಝೆರಾಕ್ಸು ಎಲ್ಲೆಂದರಲ್ಲಿ ಬಿಡಬೇಡಿ, ಬಿಟ್ಟರೂ ಅದರ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದೆಂದು ಬರೆದು ಸಹಿ ಹಾಕಿ. ಬೇರೆಯವರು ಅದನ್ನು ಓದದೆ ಅಳಿಸುತ್ತಾರಂತೆ. ನಾನು ಮಾತ್ರ ಪ್ರಶ್ನೆಪತ್ರಿಕೆ ಓದಿದ ಹಾಗೆ ಮೊದಲಿಂದ ಕೊನೆಯವರೆಗೆ ಓದುತ್ತೇನೆ, ಹೆಂಡತಿಗೂ ಓದಿ ಹೇಳುತ್ತೇನೆ, ಕೇಳದಿದ್ದರೆ ಇನ್ನೊಮ್ಮೆ ಓದುತ್ತೇನೆ. ಈ ವಿಷಯ ಬಂದರೆ ನನಗೆ ಮೈಯಲ್ಲಿ ಏನೋ ಹುರುಪು ತುಂಬುತ್ತದೆ. ಯಾಕೆಂದರೆ ಮೊಬೈಲು, ಒಟಿಪಿ ಒಂದೂ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯನ ಹೆಸರು ಕಳುವಾಯಿತು, ಕಳ್ಳನಿಗೆ ಬಾಗಿಲು ತೆಗೆದವನು ನಾನು.

ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ ಅದು. ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಆಗಲೇ ಖಾತೆಯಿದ್ದವರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಅರ್ಜಿಯ ಕೆಳಗೆ, ಇವರನ್ನು ನಾನು ಇಷ್ಟು ವರ್ಷಗಳಿಂದ ಬಲ್ಲೆ ಎಂದು ಬರೆಯಲು ಒಂದು ಸಾಲು. ಕುಷ್ಟಗಿಯಲ್ಲಿ ಆ ಸಾಲು ತುಂಬುವ ಗುತ್ತಿಗೆ ಹೆಚ್ಚುಕಡಿಮೆ ನನ್ನದೇ ಆಗಿತ್ತು. ಹೈಸ್ಕೂಲು ಮಾಸ್ತರ, ಊರಿಗೆಲ್ಲ ಗೊತ್ತಿದ್ದವನು, ಮೇಲಾಗಿ ಇಲ್ಲ ಅನ್ನಲಾರದವನು! ಬ್ಯಾಂಕಿನ ಮುಂದೆ ನಾನು ಹಾದುಹೋದರೆ ಸಾಕು, ಒಳಗಿನಿಂದ ಕರೆ ಬರುತ್ತಿತ್ತು. ವರ್ಷಗಳನ್ನು ನಾನು ಗ್ರೇಸ್ ಮಾರ್ಕಿನಂತೆ ಹಂಚುತ್ತಿದ್ದೆ. ಚಹಾ ಕುಡಿಸಿದವನಿಗೆ ಐದು ವರ್ಷ, ಒಗ್ಗರಣಿ ಮಿರ್ಚಿ ತಿನ್ನಿಸಿದವನಿಗೆ ಹತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಮಾತ್ರ ಸಹಿ ಹಾಕಿ ಪೆನ್ನು ಕಿಸೆಗೆ ಸಿಗಿಸಿಕೊಳ್ಳುವಾಗ ತಾಲೂಕಿಗೆ ನಾನೇ ಜಾಮೀನು ಎನ್ನುವಂಥ ಠೀವಿ ಬರುತ್ತಿತ್ತು.

ನಾನು ಕಲಿಸುತ್ತಿದ್ದದ್ದು ಇತಿಹಾಸ. ಪ್ರತಿ ವರ್ಷ ಹುಡುಗರನ್ನು ಇಟಗಿಯ ಗುಡಿಗೆ ಕರೆದುಕೊಂಡು ಹೋಗಿ ಶಾಸನಗಳ ಬಗ್ಗೆ ಭಾಷಣ ಬಿಗಿಯುತ್ತಿದ್ದೆ. ಹಳಬರು ಭೂಮಿ ದಾನ ಕೊಟ್ಟರೆ ಸುಮ್ಮನೆ ಬಿಡುತ್ತಿರಲಿಲ್ಲ. ನಾಲ್ಕು ದಿಕ್ಕಿನ ಮೇರೆ ಬರೆಸುತ್ತಿದ್ದರು, ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿಸುತ್ತಿದ್ದರು, ಇಷ್ಟಾದರೂ ಸಮಾಧಾನವಾಗದೆ, ಕಸಿದುಕೊಂಡವನು ನರಕದ ಹುಳುವಾಗಲಿ ಎಂದು ಕೊನೆಗೆ ಶಾಪ ಹಾಕುತ್ತಿದ್ದರು. ನೋಡಿರೋ, ಎಷ್ಟು ಎಚ್ಚರಿಕೆಯ ಜನ ಎಂದು ನಾನು ಕೈಯೆತ್ತಿ ಹೇಳುತ್ತಿದ್ದೆ. ಅದೇ ಕೈಯಿಂದ ಮರುದಿನ ಬ್ಯಾಂಕಿನಲ್ಲಿ ಗುರುತಿಲ್ಲದವರಿಗೆ ಸಹಿ ಹಾಕುತ್ತಿದ್ದೆ. ಸೂರ್ಯ ಚಂದ್ರರ ಕಾಲು ಮುಟ್ಟಿ ನಿಮ್ಮ ಶಿಷ್ಯ ಎಂದರೆ ಅವರು ಒಪ್ಪುತ್ತಿರಲಿಲ್ಲವೇನೋ, ನಾನು ಒಪ್ಪಿದೆ.

ಒಪ್ಪಿದ್ದು ಹೀಗೆ. ಒಂದು ಮಧ್ಯಾಹ್ನ ಬ್ಯಾಂಕಿನ ಮೆಟ್ಟಿಲ ಮೇಲೆ ಇಸ್ತ್ರಿ ಅಂಗಿಯ ಒಬ್ಬ ಕಾಲಿಗೆ ಬಿದ್ದ. ಯಮನೂರಪ್ಪ ಎಂದು ಹೆಸರು ಹೇಳಿದ. ನಮ್ಮ ಸೀಮೆಯಲ್ಲಿ ಪ್ರತಿ ತರಗತಿಗೂ ಇಬ್ಬರು ಮೂವರು ಯಮನೂರಪ್ಪರು ಇದ್ದೇ ಇರುತ್ತಾರೆ, ಇವನೂ ಒಬ್ಬನಿರಬೇಕು ಎಂದುಕೊಂಡೆ. ನೀವು ಹೊಡೆದು ಕಲಿಸಿದ್ದಕ್ಕೇ ನಾನು ಮನುಷ್ಯನಾದೆ ಎಂದ. ನಾನು ಯಾರಿಗೂ ಹೊಡೆದವನಲ್ಲ. ಆದರೂ ಆ ಮಾತು ಎಷ್ಟು ಹಿತವಾಗಿತ್ತೆಂದರೆ, ಹೊಡೆದಿರಬಹುದು ಅಂತ ನನಗೇ ಅನ್ನಿಸಿತು. ಒಗ್ಗರಣಿ ಮಿರ್ಚಿ ಆಯಿತು. ಹತ್ತು ವರ್ಷದಿಂದ ಬಲ್ಲೆ ಎಂದು ಬರೆದು ಸಹಿ ಹಾಕಿದೆ.

ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ನಾನು ಸಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲಲ್ಲಿ ತೆಳ್ಳಗಿನ ಮನುಷ್ಯನೊಬ್ಬ ನಿಂತಿದ್ದ. ಹುಬ್ಬಿನ ತುಂಬ ಅಕ್ಕಿ ಗಿರಣಿಯ ತೌಡಿನ ಧೂಳು. ಅವನು ಕಾಲು ಮುಟ್ಟಲಿಲ್ಲ.

‘ಸರ, ನನ್ನ ಗುರ್ತು ಐತೇನ್ರಿ ನಿಮಗ?’

‘ನಿನ್ನ ಮರೀತೀನೇನೋ!’ ಎಂದೆ, ರೂಢಿ.

‘ನಾ ಯಮನೂರಪ್ಪ ರೀ. ಹಂಗಾದ್ರ ಬ್ಯಾಂಕಿನ್ಯಾಗ ಕುಂತಾಂವ ಯಾರ್ರಿ?’

ಮುಂದಿನದನ್ನು ಅವನು ಉಸಿರು ಕಟ್ಟಿಕೊಂಡೇ ಹೇಳಿದ. ಅಪ್ಪನಿಂದ ಬಂದ ಎರಡೆಕರೆ ಹೊಲ ರಸ್ತೆ ಅಗಲ ಮಾಡುವುದಕ್ಕೆ ಹೋಗಿತ್ತು. ಪರಿಹಾರದ ಅರ್ಜಿ ಬರೆಸಿದಾಗ ರೇಷನ್ ಕಾರ್ಡಿನ ಝೆರಾಕ್ಸನ್ನು ಅರ್ಜಿ ಬರೆದುಕೊಡುವವನ ಹತ್ತಿರವೇ ಬಿಟ್ಟು ಅವನು ಗಂಗಾವತಿಗೆ, ತನ್ನ ಗಿರಣಿ ಕೆಲಸಕ್ಕೆ ಮರಳಿದ್ದ. ಆ ಝೆರಾಕ್ಸು ಯಾರದೋ ಕೈ ಸೇರಿತು. ಪರಿಹಾರದ ಚೆಕ್ಕನ್ನು ಕಚೇರಿಯಿಂದ ಯಾರೋ ಸಹಿ ಮಾಡಿ ಒಯ್ದರು, ಅದೇ ಹೆಸರಿನಲ್ಲಿ ಖಾತೆ ತೆರೆದು ಜಮಾ ಮಾಡಿದರು. ಆವತ್ತು ಬೆಳಿಗ್ಗೆ ಅದು ಪಾಸಾಗಿತ್ತು. ಕಚೇರಿಯಲ್ಲಿ ಸುದ್ದಿ ತಿಳಿದು ಇವನು ಬ್ಯಾಂಕಿಗೆ ಓಡಿದರೆ ಅಲ್ಲಿ ಹಣ ಪಡೆಯುವ ಹಿತ್ತಾಳೆ ಟೋಕನ್ ಹಿಡಿದು ಇನ್ನೊಬ್ಬ ಯಮನೂರಪ್ಪ ಬೆಂಚಿನ ಮೇಲೆ ಕುಳಿತಿದ್ದಾನೆ! ಅವನಿಗೆ ಪರಿಚಯ ಕೊಟ್ಟ ಮಾಸ್ತರರೇ ಬಂದು ಹೇಳಿದರೆ ಹಣ ತಡೆಯುತ್ತೇನೆ, ಇಲ್ಲದಿದ್ದರೆ ಯಾವ ಆಧಾರದ ಮೇಲೆ ತಡೆಯಲಿ ಎಂದರಂತೆ ಮ್ಯಾನೇಜರು. ಆ ಹಣದಲ್ಲಿ ಒಂದು ಹಿಟ್ಟಿನ ಗಿರಣಿ ಹಾಕಬೇಕೆಂದು ಯಮನೂರಪ್ಪ ಗಂಗಾವತಿಯಲ್ಲಿ ಮಳಿಗೆಯನ್ನೂ ನೋಡಿಟ್ಟಿದ್ದ.

‘ಹೊಲ ಹೋತ್ರಿ. ಇದೂ ಹೋದ್ರ ಅಪ್ಪಂದು ಅಂತ ನನ್ಹಂತ್ಯಾಕ ಏನೂ ಉಳಿಯಂಗಿಲ್ಲ’ ಎಂದ.

ನಾಲ್ಕು ಮಂದಿಯ ಮುಂದೆ ಏನು ಹೇಳುವುದು, ನನ್ನ ಮಾನದ ಗತಿಯೇನು ಎಂದು ಅಲ್ಲೇ ಚಪ್ಪಲಿ ನೋಡುತ್ತ ನಿಂತೆ. ಒಳಗಿಂದ ಹೆಂಡತಿ ಬಂದಳು. ಅವಳು ಯಲಬುರ್ಗಿಯವಳು, ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ. ‘ಸಹಿ ಮಾಡಾಕ ಬಾರದ ನಾಚಿಕಿ ಈಗ್ಯಾಕ ಬಂತ್ರಿ? ಲಗೂನ ಹೋಗ್ರಿ’ ಎಂದು ಕೊಡೆಯನ್ನು ಕೈಗೆ ತುರುಕಿದಳು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ಅವಳಿಗೂ ಗಡಿಬಿಡಿಯಾಗಿತ್ತೆಂದು ಕಾಣುತ್ತದೆ.

ಯಮನೂರಪ್ಪ ನನ್ನ ಸೈಕಲ್ ಹತ್ತಿದ, ನಾನು ಹಿಂದಿನ ಕ್ಯಾರಿಯರ್ ಮೇಲೆ ಕುಳಿತೆ. ಅಬ್ಬಾ, ಆ ಸವಾರಿ! ಸಂತೆಯ ದಿನ ಬೇರೆ. ಎಮ್ಮೆ, ಟಂಟಂ ಗಾಡಿ, ಉಳ್ಳಾಗಡ್ಡಿಯ ಚೀಲಗಳ ನಡುವೆ ಅವನು ಹಾವಿನಂತೆ ನುಗ್ಗಿದ. ನಾನು ಕೊಡೆ ಮುಂದೆ ಚಾಚಿ ಸರೀರಿ ಸರೀರಿ ಎಂದು ಕೂಗುತ್ತಿದ್ದೆ. ದಾರಿಯಲ್ಲಿ ಇಬ್ಬರು ನಮಸ್ಕಾರ ಸರ ಎಂದರು, ಯಾರೆಂದು ತಿಳಿಯಲಿಲ್ಲ. ಭಯವಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಭಯದ ಒಳಗೆ ಒಂದು ಖುಷಿಯೂ ಇತ್ತು. ಜೀವನವಿಡೀ ಬೇರೆಯವರ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸಿದವನು ಮೊದಲ ಸಲ ನಾನೇ ದಂಡೆತ್ತಿ ಹೊರಟಿದ್ದೆ.

ಬ್ಯಾಂಕಿನೊಳಗೆ ಕಾಲಿಟ್ಟೆನೋ ಇಲ್ಲವೋ, ಇಸ್ತ್ರಿ ಅಂಗಿಯವನು ಎದ್ದು ಬಂದು ಮತ್ತೆ ನನ್ನ ಕಾಲು ಮುಟ್ಟಿದ! ಅವನ ಧೈರ್ಯಕ್ಕೆ ಇವತ್ತಿಗೂ ಕೈ ಮುಗಿಯುತ್ತೇನೆ. ನೀವೇ ಇವರಿಗೆ ಹೇಳಿರಿ ಸರ ಎಂದು ಕಣ್ಣಲ್ಲಿ ನೀರೂ ತಂದ. ಬೆಂಚಿನ ಮೇಲೆ ಕುಳಿತವರಲ್ಲಿ ಅರ್ಧ ಜನ ನನ್ನ ಸಹಿಯಿಂದಲೇ ಖಾತೆ ತೆರೆದವರು. ಎಲ್ಲರೂ ಕತ್ತು ಚಾಚಿದರು. ಮ್ಯಾನೇಜರು ಹೊಸದಾಗಿ ವರ್ಗವಾಗಿ ಬಂದಿದ್ದ ಗಂಭೀರ ಮನುಷ್ಯ. ಇಬ್ಬರೂ ತಾನೇ ಯಮನೂರಪ್ಪ ಅನ್ನುತ್ತಿದ್ದಾರೆ, ಇವರಲ್ಲಿ ನಿಮ್ಮ ಶಿಷ್ಯ ಯಾರು ಎಂದು ಕೇಳಿದರು.

ನಾನು ಇಬ್ಬರನ್ನೂ ನೋಡಿದೆ. ಧೂಳಿನ ಹುಬ್ಬಿನವನ ಕಡೆ ಬೆರಳು ತೋರಿಸಿದ್ದರೆ ಎಲ್ಲ ಸುಸೂತ್ರ. ಅವನೇ ನಿಜವೆಂದು ನನ್ನ ಮನಸ್ಸು ಹೇಳುತ್ತಿತ್ತು, ನನ್ನ ಮರ್ಯಾದೆಯೂ ಅರ್ಧ ಉಳಿಯುತ್ತಿತ್ತು. ಆದರೆ ನೆನಪಿನಲ್ಲಿ ಎಷ್ಟು ಕೆದಕಿದರೂ ಆ ಮುಖವಿರಲಿಲ್ಲ. ಮತ್ತೊಂದು ಹತ್ತು ವರ್ಷದ ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. ನುಂಗಿದೆ.

‘ಇಬ್ಬರ ಗುರ್ತೂ ನನಗಿಲ್ರಿ. ಅವತ್ತು ಸಹಿ ಮಾಡಿದಾಗನೂ ಇರಲಿಲ್ಲ’ ಎಂದೆ.

ಯಮನೂರಪ್ಪನ ಮುಖ ಸಣ್ಣದಾಯಿತು. ಮ್ಯಾನೇಜರು ಬಿಳಿ ಹಾಳೆ ಮುಂದಿಟ್ಟರು. ಖಾತೆದಾರರ ಪರಿಚಯ ನನಗಿಲ್ಲದೆ ತಪ್ಪಾಗಿ ಸಹಿ ಮಾಡಿದ್ದೇನೆ ಎಂದು ಬರೆಯುವಾಗ ಮೂವತ್ತು ಬ್ಯಾಚಿಗೆ ಕಾಪಿ ತಿದ್ದಿದ ನನ್ನ ಅಕ್ಷರಗಳೇ ಸೊಟ್ಟಗಾದವು. ಬರೆದು ತಲೆಯೆತ್ತುವಷ್ಟರಲ್ಲಿ ಇಸ್ತ್ರಿ ಅಂಗಿಯವನು ನೀರು ಕುಡಿಯಲು ಹೊರಗೆ ಹೋಗಿದ್ದ. ಟೋಕನ್ ಬೆಂಚಿನ ಮೇಲಿತ್ತು. ಅವನಿಗೆ ಇನ್ನೂ ನೀರು ಸಿಕ್ಕಿಲ್ಲವೆಂದು ಕಾಣುತ್ತದೆ, ವಾಪಸು ಬಂದಿಲ್ಲ.

ಆ ಕಳ್ಳನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವನ ಹತ್ತಿರ ಇದ್ದದ್ದು ಒಂದು ಝೆರಾಕ್ಸು ಮಾತ್ರ. ಉಳಿದದ್ದನ್ನೆಲ್ಲ ನನ್ನ ಸಂಕೋಚ ಮಾಡಿಕೊಟ್ಟಿತು. ಈಗ ಫೋನಿನಲ್ಲಿ ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ ಎನ್ನುವವರೂ ಅದನ್ನೇ ನಂಬಿ ಬದುಕುವವರು. ಅಷ್ಟು ಮರ್ಯಾದೆಯಿಂದ ಸರ್ ಸರ್ ಎನ್ನುವವನಿಗೆ ನೀನು ಯಾರೆಂದು ಹೇಗೆ ಕೇಳುವುದು ಎಂದು ನಾವು ಮುಜುಗರ ಪಡುತ್ತೇವೆ. ನಾನೀಗ ಕೇಳುತ್ತೇನೆ, ಸಂತೋಷದಿಂದ ಕೇಳುತ್ತೇನೆ. ಯಾವ ಶಾಖೆ, ಅದು ಯಾವ ಓಣಿಯಲ್ಲಿದೆ, ಎದುರಿಗೆ ಯಾವ ಅಂಗಡಿ, ನೀವು ಯಾರ ಪೈಕಿ? ಮೂರನೆಯ ಪ್ರಶ್ನೆಗೆ ಅವರೇ ಫೋನು ಇಡುತ್ತಾರೆ, ಹೆಂಡತಿ ಪಾಪ ಅನ್ನುತ್ತಾಳೆ.

ಯಮನೂರಪ್ಪನ ಕಥೆಯಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ಊರಿನ ಹಿರಿಯರು ಬಂದು ಹೇಳಿ, ತಹಶೀಲ್ದಾರ ಕಚೇರಿಯ ಪತ್ರವಾಗಿ, ಅವನೇ ಅವನೆಂದು ಸಾಬೀತಾಗಲು ತಿಂಗಳು ಹಿಡಿಯಿತು. ಹಣ ಕೊಡಬೇಕಾದರೆ ಅವನದೊಂದು ಖಾತೆ ಬೇಕು, ಖಾತೆಗೆ ಪರಿಚಯದ ಸಹಿ ಬೇಕು. ಅರ್ಜಿ ಹಿಡಿದು ಸೀದಾ ನನ್ನ ಮನೆಗೇ ಬಂದ. ನಾನು ಪೆನ್ನು ಮುಟ್ಟಲಿಲ್ಲ. ಮೊದಲು ನಿಮ್ಮ ಮನೆಗೆ ಬರುತ್ತೇನೆ ಎಂದೆ.

ಭಾನುವಾರ ಗಂಗಾವತಿಗೆ ಹೋದೆ. ಗಿರಣಿಯಲ್ಲಿ ಅವನು ಭತ್ತ ಸುರಿಯುವುದನ್ನು ನೋಡಿದೆ, ಹಮಾಲರನ್ನು ಮಾತಾಡಿಸಿದೆ, ಅವನ ಮನೆಯಲ್ಲಿ ಊಟ ಮಾಡಿದೆ. ಅವನ ತಾಯಿ ಮಗನ ಬಾಲ್ಯದ ತುಂಟತನವನ್ನೆಲ್ಲ ಹೇಳಿದರು. ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತಿದ್ದರಂತೆ, ಹಣ ಸಿಗಲಿ ಅಂತಲ್ಲ, ಮಗನ ಹೆಸರು ಮಗನಿಗೇ ಸಿಗಲಿ ಅಂತ. ಇಟಗಿಗೆ ಹೋದಾಗ ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲೇ ಕುಳಿತಿದ್ದೆ ಎಂದು ಯಮನೂರಪ್ಪ ನೆನಪಿಸಿದ. ನನಗೆ ನೆನಪಾಗಲಿಲ್ಲ, ಆಗಲಿಲ್ಲವೆಂದೇ ಹೇಳಿದೆ. ಅವನು ಬೇಜಾರಿಲ್ಲದೆ ನಕ್ಕು ತಾಟಿಗೆ ಇನ್ನಷ್ಟು ಅನ್ನ ಬಡಿಸಿದ.

ಮರುದಿನ ಬ್ಯಾಂಕಿನಲ್ಲಿ ಆ ಸಾಲು ತುಂಬಿದೆ. ಇವರನ್ನು ನಾನು ಒಂದು ದಿನದಿಂದ ಬಲ್ಲೆ.

ಮ್ಯಾನೇಜರು ಕನ್ನಡಕ ಸರಿಸಿ ಎರಡು ಸಲ ಓದಿದರು. ಇದು ನಡೆಯುವುದಿಲ್ಲ, ಹುಟ್ಟಿದಾಗಿನಿಂದ ನೋಡಿದ ಜನ ಊರಲ್ಲಿ ಬೇಕಾದಷ್ಟಿದ್ದಾರೆ, ಅವರಲ್ಲಿ ಯಾರನ್ನಾದರೂ ಕರೆದುಕೊಂಡು ಬಾ ಎಂದು ಅರ್ಜಿಯನ್ನು ಯಮನೂರಪ್ಪನ ಕಡೆ ತಳ್ಳಿದರು. ಅವನು ಅದನ್ನು ಎರಡೂ ಕೈಯಿಂದ ತಿರುಗಿ ಅವರ ಕಡೆಗೇ ಸರಿಸಿದ.

‘ಬ್ಯಾರೇದವರು ಬ್ಯಾಡ್ರಿ ಸಾಹೇಬ್ರ. ಎಲ್ಲಾರ ಮುಂದ ನನ್ನ ಗುರ್ತಿಲ್ಲ ಅಂತ ಹೇಳಿದಾಂವ್ರು ಇವರೊಬ್ಬರ. ನನಗ ಇವರ ಸಹಿನ ಬೇಕು.’

ಮ್ಯಾನೇಜರು ಅರ್ಜಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಪೆನ್ನಿನ ಟೊಪ್ಪಿಗೆ ತೆಗೆದರು.