ದೋಣಿಗಾರನನ್ನು ಬರೆದ ಉಸಾಮಿ

ಉಸಾಮಿ ಯಸುಹಿರೊ ಅವರಿಗೆ ಹೊಟ್ಟೆಕಿಚ್ಚು ಹತ್ತಿಕೊಂಡ ದಿನ ಯಾವುದೆಂದು ನಾನು ಖಚಿತವಾಗಿ ಹೇಳಬಲ್ಲೆ. ಆ ಹೊತ್ತಿನಲ್ಲಿ ಅವರ ಪಕ್ಕದ ಮೇಜಿನಲ್ಲೇ ಕೂತಿದ್ದೆ. ಅಲ್ಲಿಯವರೆಗೆ ಅವರು ಯಾರನ್ನೂ ಕಂಡು ಕರುಬಿದವರಲ್ಲ. ಕರುಬಲಿಕ್ಕೆ ಅವರ ಸಮಕ್ಕೆ ನಿಲ್ಲುವವರು ನಮ್ಮಲ್ಲಿ ಯಾರೂ ಇರಲೂ ಇಲ್ಲ.

ನಮ್ಮದು ಟೋಕಿಯೋದ ಕಂದಾದಲ್ಲಿ, ಹಳೇ ಪುಸ್ತಕದಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಂಪನಿ. ಮೊದಲು ಯುದ್ಧದ ಹಲಗೆಯಾಟಗಳನ್ನು ಮಾಡುತ್ತಿದ್ದೆವು. ವರ್ಷಕ್ಕೆ ಎರಡು ಮಾಡಿದರೆ ಒಂದು ಗೋದಾಮಿನಲ್ಲೇ ಉಳಿಯುತ್ತಿತ್ತು. ತೊಂಬತ್ತರ ದಶಕದಲ್ಲಿ ಕಾರ್ಡಿನಾಟದ ಹುಚ್ಚು ಊರಿಗೆಲ್ಲ ಹಿಡಿಯಿತು. ಜನ ಪೊಟ್ಟಣಗಟ್ಟಲೆ ಕಾರ್ಡು ಕೊಳ್ಳುವರು, ಗೆಳೆಯರಲ್ಲಿ ಅದಲುಬದಲು ಮಾಡಿಕೊಳ್ಳುವರು, ತಮಗೆ ಬೇಕಾದ ಅರವತ್ತನ್ನು ಆರಿಸಿ ಕಟ್ಟು ಮಾಡಿಕೊಂಡು ಎದುರುಬದುರು ಕೂತು ಆಡುವರು. ನಮ್ಮ ಯಜಮಾನರಾದ ಸೊಗಾಬೆ ಇದನ್ನು ನೋಡಿ, ನಾವೂ ಒಂದು ಕೈ ನೋಡೋಣ ಎಂದರು. ಆಗ ಸಿಕ್ಕವರೇ ಉಸಾಮಿ. ಒಮಿಯಾದ ಒಂದು ಟ್ಯೂಷನ್ ಶಾಲೆಯಲ್ಲಿ ಒಂಬತ್ತು ವರ್ಷ ಲೆಕ್ಕ ಕಲಿಸಿದವರು. ಹಾಗಾಗಿ ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಷ್ಟ್ರೇ ಆದರು.

‘ನೂರು ಸೇತುವೆ’ ಎಂಬ ಆಟದ ಮೊದಲ ಇನ್ನೂರ ನಲವತ್ತು ಕಾರ್ಡುಗಳನ್ನು ಉಸಾಮಿ ಒಬ್ಬರೇ ಬರೆದರು. ಚೌಕದ ಗೆರೆಯ ಹಾಳೆಯಲ್ಲಿ ಪ್ರತಿ ಕಾರ್ಡಿಗೂ ಒಂದು ಕೋಷ್ಟಕ. ಎಷ್ಟನೇ ಸರದಿಗೆ ಬಂದರೆ ಎಷ್ಟು ಬಲ, ಏನಿದ್ದರೆ ಏನು ಹೋಗುತ್ತದೆ, ಎಲ್ಲ ತೂಗಿ ನೋಡುತ್ತಿದ್ದರು. ಎಲ್ಲಕ್ಕಿಂತ ಮೊದಲು ಬರೆದದ್ದು ‘ದೋಣಿಗಾರ’. ಎದುರಾಳಿಯ ಕೈಯಲ್ಲಿರುವ ಒಂದು ಕಾರ್ಡನ್ನು ಆಚೆ ದಡಕ್ಕೆ ದಾಟಿಸುವುದು ಅವನ ಕೆಲಸ. ಆಚೆ ದಡಕ್ಕೆ ಹೋದದ್ದು ಆ ಪಂದ್ಯದಲ್ಲಿ ಮತ್ತೆ ಬರುವುದಿಲ್ಲ. ಬಲ ಕಡಿಮೆ ಅಂತ ಆಡುವವರು ಅವನನ್ನು ಬೇಗ ಮರೆತರು. ಉಸಾಮಿ ಮಾತ್ರ ಮರೆಯಲಿಲ್ಲ. ಚೊಚ್ಚಲ ಮಗುವಲ್ಲವೇ.

ಆಟ ಗೆದ್ದಿತು. ಆರು ವರ್ಷ ಅವರದೇ ರಾಜ್ಯ. ಪಂದ್ಯಗಳಿಗೆ ಹೋದರೆ ಹುಡುಗರು ಕಾರ್ಡಿನ ಮೇಲೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಅವರು ಬೇಡ ಬೇಡ ಎನ್ನುತ್ತಲೇ ಒಳಜೇಬಿನಿಂದ ಪೆನ್ನು ತೆಗೆಯುತ್ತಿದ್ದರು.

ಆಮೇಲೆ ಹತಾನೊ ಮಿನೊರಿ ಬಂದಳು. ನೀಗಾತಾ ಕಡೆಯವಳು, ಇಪ್ಪತ್ತೆರಡು ವರ್ಷ. ಉಸಾಮಿ ಸ್ವತಃ ಕೆಲಸಕ್ಕೆ ಬಾರದ್ದು ಎಂದುಕೊಂಡಿದ್ದ ಕಾರ್ಡುಗಳನ್ನೇ ಒಟ್ಟು ಮಾಡಿ ಮೂರು ಪ್ರಾಂತಗಳ ಪಂದ್ಯ ಗೆದ್ದಿದ್ದಳು. ಸೇರಿದ ದಿನ ಅವರ ಮುಂದೆ ಸೊಂಟದವರೆಗೆ ಬಾಗಿ, ಹೈಸ್ಕೂಲಿನಲ್ಲಿ ತಾನು ಲೆಕ್ಕ ಪಾಸಾದದ್ದೇ ಅವರ ಕಾರ್ಡುಗಳಿಂದ ಎಂದಳು. ಉಸಾಮಿ ಹಿಗ್ಗಿ ಹೀರೇಕಾಯಿಯಾದರು. ಮಧ್ಯಾಹ್ನ ಅವಳನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಹಾವುಮೀನಿನ ಊಟ ಕೊಡಿಸಿದರು. ಅಷ್ಟು ದುಬಾರಿಯ ಹಾವುಮೀನು ಅವರು ಯಾರಿಗೂ ಕೊಡಿಸಿದವರಲ್ಲ.

ನನ್ನ ಕೆಲಸ ಕಾರ್ಡಿನ ಮೇಲಿನ ಬರಹವನ್ನು ತಿದ್ದಿ ಜಾಗಕ್ಕೆ ಕೂರಿಸುವುದು. ಉಸಾಮಿಯವರ ಕಾರ್ಡು ಬಂದರೆ ನನಗೆ ತಲೆನೋವು. ಎಂಟು ಸಾಲು ಇರುತ್ತಿತ್ತು. ಆದರೆ, ಅಲ್ಲದಿದ್ದರೆ, ಹೊರತುಪಡಿಸಿ ಎಂದೆಲ್ಲ ಬಾಲಗಳು. ಅಕ್ಷರ ಸಣ್ಣ ಮಾಡಿ ಮಾಡಿ ಇರುವೆ ಸಾಲಾಗುತ್ತಿತ್ತು. ಆ ನವೆಂಬರಿನಲ್ಲಿ ಹತಾನೊ ಕತ್ತರಿಸಿದ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟಳು. ಹೆಸರು ‘ಕೊಡೆ ಕೊಟ್ಟವಳು’. ಕೆಳಗೆ ಎರಡೇ ವಾಕ್ಯ: ನಿಮ್ಮ ಕೈಯಲ್ಲಿರುವ ಒಂದು ಕಾರ್ಡನ್ನು ಎದುರಾಳಿಗೆ ಕೊಡಿ. ಅವರು ಅದನ್ನು ಮರಳಿಸುವವರೆಗೆ ನಿಮ್ಮ ಮೇಲೆ ದಾಳಿ ಮಾಡುವಂತಿಲ್ಲ.

ತಿದ್ದಲು ಏನೂ ಇರಲಿಲ್ಲ. ಓದಿದ ಕೂಡಲೇ ಆಡಬೇಕು ಅನ್ನಿಸಿತು. ಉಸಾಮಿ ಪಕ್ಕದಿಂದ ಕೈ ಚಾಚಿ ತೆಗೆದುಕೊಂಡರು. ಓದಿದರು. ಇನ್ನೊಮ್ಮೆ ಓದಿದರು. ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದರು. ಎದ್ದು ಹೋಗಿ, ಆಗಲೇ ತೊಳೆದಿದ್ದ ತಮ್ಮ ಲೋಟವನ್ನು ಮತ್ತೆ ತೊಳೆದುಕೊಂಡು ಬಂದರು.

“ಚೆನ್ನಾಗಿದೆ” ಎಂದರು. ಲೋಟವನ್ನು ಒರೆಸಿಟ್ಟು, “ಚಿಕ್ಕದಾಗಿದೆ” ಎಂದರು.

ಆ ದಿನದಿಂದ ಅವರು ಹತಾನೊಗೆ ಏನನ್ನೂ ಕೊಡಿಸಲಿಲ್ಲ. ಅವಳ ಕಾರ್ಡುಗಳನ್ನು ಯಾರಾದರೂ ಹೊಗಳಿದರೆ ಕಿಟಕಿ ತೆಗೆಯಲು ಏಳುವರು. ಅವಳಿಗೆ ಕೋಷ್ಟಕ ಬರೆಯಲು ಬರುವುದಿಲ್ಲ ಎಂದು ನನ್ನ ಹತ್ತಿರ ಮೂರು ಸಲ ಹೇಳಿದರು. ನಿಜಕ್ಕೂ ಅವಳಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇಬ್ಬರು ಎದುರುಬದುರು ಕೂತಾಗ ಯಾರಿಗೆ ಯಾವಾಗ ಕೈ ನಡುಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಉಸಾಮಿಗೆ ಅದೇ ಹೊಟ್ಟೆಯಲ್ಲಿ ಕೆಂಡವಾಯಿತು. ಅವಳು ಬಂದ ಹೊಸದರಲ್ಲಿ ಬರೆದ ಕೆಲವು ಕಾರ್ಡುಗಳು ಆಗಲೇ ಅಂಗಡಿ ಸೇರಿದ್ದವು. ಭಾನುವಾರ ಅಕಿಹಾಬಾರಾದ ಕಾರ್ಡಿನಂಗಡಿಗೆ ಹೋಗಿ, ಆಡುವವರ ಮೇಜುಗಳ ಹಿಂದೆ ನಿಂತು, ಎಷ್ಟು ಜನ ಅವಳ ಕಾರ್ಡು ಇಳಿಸುತ್ತಾರೆ ಎಂದು ಎಣಿಸಿಕೊಂಡು ಬರುವರು. ಅವಳವು ಗಾಜಿನ ಪೆಟ್ಟಿಗೆಯೊಳಗೆ ದೀಪದ ಕೆಳಗಿರುತ್ತಿದ್ದವು. ಇವರವು ಬಾಗಿಲ ಬಳಿ, ಬೇಕಾದ್ದು ಆರಿಸಿಕೊಳ್ಳಿ ಎಂದಿಟ್ಟ ಬುಟ್ಟಿಯಲ್ಲಿ.

ಈ ನಡುವೆ ಅವರ ಹೆಂಡತಿ ಯಸುಯೊ ಒಂದು ದಿನ ಊಟದ ಡಬ್ಬಿಯ ನೆಪ ಮಾಡಿಕೊಂಡು ಆಫೀಸಿಗೆ ಬಂದರು. ಡಬ್ಬಿ ಕೊಟ್ಟು ಹೋಗುವ ಬದಲು ನನ್ನನ್ನು ಮೆಟ್ಟಿಲ ಹತ್ತಿರ ಕರೆದರು.

“ನಿಶಿನೊ, ಮುಚ್ಚುಮರೆ ಇಲ್ದೆ ಹೇಳಮ್ಮ. ಆ ಹತಾನೊ ಅನ್ನೋಳು ಹೇಗಿದ್ದಾಳೆ? ಮದುವೆಯಾಗಿ ಹದಿನೇಳು ವರ್ಷದಲ್ಲಿ ಇವರು ನನ್ನ ಹೆಸರು ಹೇಳಿದ್ದಕ್ಕಿಂತ ಹೆಚ್ಚು ಸಲ ಈ ಆರು ತಿಂಗಳಲ್ಲಿ ಅವಳ ಹೆಸರು ಹೇಳಿದ್ದಾರೆ.”

ನೀವಂದುಕೊಂಡ ಹಾಗೆ ಅಲ್ಲ, ಅವರಿಗೆ ಅವಳನ್ನು ಕಂಡರೆ ಆಗುವುದಿಲ್ಲ ಎಂದೆ. ಯಸುಯೊ ಸ್ವಲ್ಪ ಯೋಚಿಸಿ, ಪ್ರೀತಿಯಾಗಿದ್ದರೆ ಒಂದು ವರ್ಷಕ್ಕೆ ಇಳಿಯುತ್ತಿತ್ತು, ಇದು ಇಳಿಯುವ ಜ್ವರ ಅಲ್ಲ ಎಂದು ಹೇಳಿ ಇಳಿದು ಹೋದರು.

ಏಪ್ರಿಲ್‌ನಲ್ಲಿ ಹೊಸ ಕಾರ್ಡುಗಳ ಪರೀಕ್ಷೆ ನಡೆಯಿತು. ಅಚ್ಚಿಗೆ ಕೊಡುವ ಮೊದಲು ಹೊಸ ಕಾರ್ಡನ್ನು ಹಳೆಯವುಗಳ ಜೊತೆ ಸೇರಿಸಿ ಆಡಿ, ಎಲ್ಲಾದರೂ ಆಟ ಕೆಡುತ್ತದೆಯೋ ನೋಡುವುದು ಉಸಾಮಿಯವರ ಜವಾಬ್ದಾರಿ. ‘ಕೊಡೆ ಕೊಟ್ಟವಳು’ ಅವರ ಕೈ ದಾಟಿಯೇ ಅಚ್ಚಿಗೆ ಹೋಯಿತು. ಹಾಳೆಯ ಮೇಲೆ ‘ತೊಂದರೆ ಇಲ್ಲ’ ಎಂದು ಬರೆದು ಮುದ್ರೆ ಒತ್ತಿದ್ದರು.

ಜುಲೈಯಲ್ಲಿ ಕಾರ್ಡು ಅಂಗಡಿಗೆ ಬಂತು. ಅಷ್ಟು ಬೇಗ ಖರ್ಚಾದ ಕಾರ್ಡು ನಮ್ಮಲ್ಲಿ ಇನ್ನೊಂದಿರಲಿಲ್ಲ. ಐದಾರು ವಾರಕ್ಕೆ ಯಾರೋ ಒಬ್ಬರು ಬುಟ್ಟಿಯಿಂದ ‘ದೋಣಿಗಾರ’ನನ್ನು ಹೆಕ್ಕಿ ತೆಗೆದು ‘ಕೊಡೆ ಕೊಟ್ಟವಳ’ ಜೊತೆ ಕೂರಿಸಿದರು. ಎದುರಾಳಿಗೆ ಒಂದು ಕಾರ್ಡು ಕೊಡುವುದು, ಮರುಗಳಿಗೆ ಅದೇ ಕಾರ್ಡನ್ನು ಅವನ ಕೈಯಿಂದ ಆಚೆ ದಡಕ್ಕೆ ದಾಟಿಸಿಬಿಡುವುದು. ಇನ್ನು ಅವನು ಮರಳಿಸುವುದಾದರೂ ಏನನ್ನು? ಮರಳಿಸಲಾಗದ ಮೇಲೆ ಪಂದ್ಯ ಮುಗಿಯುವವರೆಗೆ ದಾಳಿ ಮಾಡುವಂತಿಲ್ಲ. ಕೈಕಟ್ಟಿ ಕೂತು ಸಾಯಬೇಕು.

ಆಗಸ್ಟ್ ಕೊನೆಯಲ್ಲಿ ಮಕುಹಾರಿಯ ದೊಡ್ಡ ಸಭಾಂಗಣದಲ್ಲಿ ದೇಶಮಟ್ಟದ ಪಂದ್ಯ. ಕೊನೆಯ ಸುತ್ತಿಗೆ ಬಂದ ಇಬ್ಬರ ಕಟ್ಟಿನಲ್ಲೂ ಇದೇ ಜೋಡಿ. ಇವನು ಅವನನ್ನು ಕಟ್ಟಿಹಾಕಿದ, ಅವನು ಇವನನ್ನು. ಆಮೇಲೆ ಇಬ್ಬರೂ ಸುಮ್ಮನೆ ಒಂದೊಂದು ಕಾರ್ಡು ಎಳೆಯುತ್ತಾ ಕೂತರು. ಮೊದಲು ಜನ ನಕ್ಕರು. ಆಮೇಲೆ ಆಕಳಿಸಿದರು. ಆಮೇಲೆ ಚೀಲ ಹೆಗಲಿಗೇರಿಸಿ ಎದ್ದು ಹೊರಟರು. ಹತಾನೊ ವೇದಿಕೆಯ ಪಕ್ಕದಲ್ಲಿ ನಿಂತಿದ್ದಳು, ಬಣ್ಣವೇ ಇಲ್ಲದ ಮುಖ. ಉಸಾಮಿ ನನ್ನ ಪಕ್ಕದಲ್ಲಿ ಕೂತಿದ್ದರು. ಅವರು ಆಟ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದರು. ಆ ನೋಟ ನನಗೆ ಇಷ್ಟವಾಗಲಿಲ್ಲ.

ಮಾರನೆಯ ಬೆಳಿಗ್ಗೆ ಸೊಗಾಬೆ ನಮ್ಮನ್ನೆಲ್ಲ ಕೂರಿಸಿಕೊಂಡರು. ಎರಡರಲ್ಲಿ ಒಂದು ಕಾರ್ಡನ್ನು ಪಂದ್ಯಗಳಿಂದ ನಿಷೇಧಿಸಲೇಬೇಕು. ಅವರಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ದೋಣಿಗಾರ ಹಳಬ, ಯಾರಿಗೂ ಬೇಡದವನು, ಅವನನ್ನೇ ತೆಗೆಯೋಣ ಎಂದರು. ಉಸಾಮಿಯವರ ಮುಖ ಗಂಟಿಕ್ಕಿತು. ಅವರು ತೋಡಿದ ಗುಂಡಿಗೆ ಅವರ ಚೊಚ್ಚಲ ಮಗುವೇ ಬೀಳಲಿತ್ತು.

ಮಾತಾಡಿದ್ದು ಹತಾನೊ. “ಬೇಡ ಸಾರ್. ನನ್ನದನ್ನೇ ತೆಗೀರಿ. ಸರಿಯಾಗಿ ನೋಡದೇ ಇದ್ದದ್ದು ನನ್ನ ತಪ್ಪು. ದೋಣಿಗಾರ ಇಲ್ದೇ ಇದ್ರೆ ನಾನು ಈ ಆಟಕ್ಕೇ ಬರ್ತಿರಲಿಲ್ಲ.”

ಅವಳು ಸುಮ್ಮನಿದ್ದಿದ್ದರೆ ಉಸಾಮಿಯೂ ಸುಮ್ಮನಿರುತ್ತಿದ್ದರು. ಇದು ನನ್ನ ಊಹೆಯಲ್ಲ, ಎಷ್ಟೋ ವರ್ಷದ ಮೇಲೆ ಅವರೇ ಹೇಳಿದ್ದು. ತಾನು ಅವತ್ತು ತಪ್ಪೊಪ್ಪಿಕೊಂಡದ್ದು ಒಳ್ಳೇತನಕ್ಕಲ್ಲ, ದೊಡ್ಡ ಮನಸ್ಸಿನಲ್ಲೂ ಅವಳೇ ಗೆಲ್ಲುತ್ತಿದ್ದಾಳಲ್ಲ ಎಂದು ತಡೆಯಲಾಗಲಿಲ್ಲ, ಅಂದರು.

“ನನಗೆ ಏಪ್ರಿಲ್‌ನಲ್ಲೇ ಗೊತ್ತಿತ್ತು” ಎಂದರು ಉಸಾಮಿ.

ಏನು ಗೊತ್ತಿತ್ತು ಎಂದು ಸೊಗಾಬೆ ಕೇಳಿದರು.

“ಎರಡೂ ಸೇರಿದ್ರೆ ಆಟ ಸತ್ತುಹೋಗುತ್ತೆ ಅಂತ. ಆಡಿ ನೋಡಿದ್ದೆ. ಹನ್ನೊಂದು ಸಲ. ಗೊತ್ತಿದ್ದೂ ಮುದ್ರೆ ಒತ್ತಿದೆ.”

ಹತಾನೊ ಅವರ ಕಡೆ ತಿರುಗಿದಳು. “ಯಾಕೆ ಮೇಷ್ಟ್ರೇ?”

“ನೀನು ಬರೆದದ್ದು ನಾನು ಬರೀಬೇಕಾಗಿತ್ತು” ಎಂದರು. “ಎರಡು ವಾಕ್ಯ. ಆರು ವರ್ಷ ಅದನ್ನೇ ಹುಡುಕ್ತಿದ್ದೆ. ನೀನು ಬಂದು ಎಂಟು ತಿಂಗಳೂ ಆಗಿರಲಿಲ್ಲ.”

ಅವಳು ಎದ್ದು ಹೊರಗೆ ಹೋದಳು. ಸಂಜೆಯವರೆಗೆ ಬರಲಿಲ್ಲ.

ಸೊಗಾಬೆ ಉಸಾಮಿಯವರನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಕಾರ್ಡು ಬರೆಯುವ ಮೇಜಿನಿಂದ ಎಬ್ಬಿಸಿದರು. ಆಡುವವರು ಕಾಗದ ಬರೆದು, ಫೋನು ಮಾಡಿ ನಿಯಮ ಕೇಳುತ್ತಾರಲ್ಲ, ಅವರಿಗೆ ಉತ್ತರಿಸುವ ಮೂಲೆಗೆ ಹಾಕಿದರು. ನಿಷೇಧವಾದದ್ದು ದೋಣಿಗಾರನೇ. ಇಪ್ಪತ್ತಮೂರು ವರ್ಷದ ಹತಾನೊ ಉಸಾಮಿಯವರ ಕುರ್ಚಿಗೆ ಬಂದಳು. ಅವಳು ಮತ್ತೆಂದೂ ಅವರನ್ನು ಮೇಷ್ಟ್ರೇ ಎನ್ನಲಿಲ್ಲ. ಎದುರಿಗೆ ಸಿಕ್ಕರೆ ಉಸಾಮಿ ಅವರೇ, ಅಷ್ಟೇ. ಆ ಎರಡು ಪದಗಳ ನಡುವೆ ಒಂದು ಬೀದಿ ಹಾಯುವಷ್ಟು ಜಾಗ ಇರುತ್ತಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಉಸಾಮಿ ಮೂಲೆಯಲ್ಲಿ ಕೂತು, ಹೌದು, ಹಾಗೆ ಆಡಬಹುದು, ಇಲ್ಲ, ಹಾಗೆ ಆಡುವಂತಿಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದರು. ಹತ್ತರಲ್ಲಿ ಎಂಟು ಪ್ರಶ್ನೆ ಹತಾನೊ ಕಾರ್ಡುಗಳ ಬಗ್ಗೆಯೇ. ಇದು ಎಷ್ಟು ಅದ್ಭುತ ಕಾರ್ಡು ಅಲ್ವಾ ಸಾರ್ ಎಂದು ಆಚೆಯವರು ಅಂದರೆ, ಇವರು ಹಲ್ಲುಕಚ್ಚಿ ಹೌದು ಎನ್ನಬೇಕು. ಸೊಗಾಬೆ ಯೋಚಿಸಿ ಕೊಟ್ಟಿದ್ದರೂ ಇದಕ್ಕಿಂತ ಕಠಿಣ ಶಿಕ್ಷೆ ಸಿಗುತ್ತಿರಲಿಲ್ಲ.

ಮೂರನೆಯ ವರ್ಷದ ಮಳೆಗಾಲದ ಒಂದು ಮಧ್ಯಾಹ್ನ ಹತಾನೊ ಉಸಾಮಿಯವರ ಮೂಲೆಗೆ ಹೋಗಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಳು. ಒಳಗೆ ನೂರ ಎಂಬತ್ತು ಹೊಸ ಕಾರ್ಡು. ಅವಳ ಹಿಂದಿನ ಎರಡು ಕಂತುಗಳಲ್ಲೂ ಒಂದೊಂದು ದೋಷ ಉಳಿದು, ಅಚ್ಚಾದ ಮೇಲೆ ಬೆಳಕಿಗೆ ಬಂದು, ಅವಳು ಕ್ಷಮೆ ಕೇಳಬೇಕಾಗಿ ಬಂದಿತ್ತು.

“ಇದನ್ನ ನೀವು ನೋಡ್ಬೇಕು” ಎಂದಳು.

ತಾನು ಈಗ ಆ ಕೆಲಸದಲ್ಲಿಲ್ಲ, ಅವಳ ಕೈಕೆಳಗೇ ನಾಲ್ಕು ಜನ ಪರೀಕ್ಷಕರಿದ್ದಾರೆ ಎಂದು ಉಸಾಮಿ ನೆನಪಿಸಿದರು.

“ಅವರೆಲ್ಲ ಚೆನ್ನಾಗಿದೆ ಅಂತಾರೆ. ಅವರಿಗೆ ನಾನಂದ್ರೆ ಇಷ್ಟ. ನನ್ನ ಕಾರ್ಡು ಹಾಳಾಗಿರಲಿ ಅಂತ ಆಸೆ ಪಡೋರು ಇಲ್ಲಿ ನೀವೊಬ್ರೇ. ಅಂಥವರ ಕಣ್ಣೇ ಬೇಕು ನನಗೆ.” ಬಾಗಿಲವರೆಗೆ ಹೋಗಿ ನಿಂತಳು. “ಈ ಸಲ ಸಿಕ್ಕಿದ್ದನ್ನ ಬಾಯಿಬಿಟ್ಟು ಹೇಳಿ. ಅಷ್ಟಾದ್ರೆ ಸಾಕು. ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ.”

ಉಸಾಮಿ ಒಂಬತ್ತು ದಿನ ಪೆಟ್ಟಿಗೆ ಬಿಟ್ಟು ಅಲ್ಲಾಡಲಿಲ್ಲ. ಕೆಂಪು ಪೆನ್ಸಿಲಿನಲ್ಲಿ ನಲವತ್ತೊಂದು ತಪ್ಪು ಬರೆದರು. ಒಂದೊಂದು ಸಿಕ್ಕಾಗಲೂ ಗಂಟಲಲ್ಲೇ ಏನೋ ಹಾಡು ಗುನುಗುವುದು ನನಗೆ ಕೇಳಿಸುತ್ತಿತ್ತು. ಎರಡು ವರ್ಷದಲ್ಲಿ ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ. ಪಟ್ಟಿಯನ್ನು ಹತಾನೊ ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟು ಬಂದರು. ಅವಳು ನಲವತ್ತೊಂದನ್ನೂ ತಿದ್ದಿದಳು. ಆ ಕಂತು ಹಿಂದಿನವನ್ನೆಲ್ಲ ಮೀರಿಸಿತು. ಅಂದರೆ ಇವರು ಹುಡುಕಿದಷ್ಟೂ ಅವಳ ಹೆಸರು ಬೆಳೆಯಿತು, ಹೆಸರು ಬೆಳೆದಷ್ಟೂ ಇವರ ಹೊಟ್ಟೆ ಉರಿಯಿತು, ಉರಿದಷ್ಟೂ ಮುಂದಿನ ಸಲ ಇನ್ನಷ್ಟು ಹುಡುಕಿದರು. ಹನ್ನೆರಡು ವರ್ಷ ಹೀಗೇ ನಡೆಯಿತು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ, ಪರೀಕ್ಷಕ: ಉಸಾಮಿ ಯಸುಹಿರೊ ಎಂದು ಅಚ್ಚಾಗುತ್ತಿತ್ತು. ಆ ಅಕ್ಷರ ಕೂರಿಸುತ್ತಿದ್ದವಳು ನಾನೇ. ಒಂದು ಸಲ ಸ್ವಲ್ಪ ದೊಡ್ಡದು ಮಾಡಿದೆ. ಹತಾನೊ ನೋಡಿದಳು, ಹಾಗೇ ಅಚ್ಚಿಗೆ ಕಳಿಸಿದಳು.

ನಿವೃತ್ತರಾದ ಮೇಲೆ ಉಸಾಮಿ ಕವಗೋಎಯಲ್ಲಿ ಹೆಂಡತಿಯ ತವರಿನ ಹತ್ತಿರ ಮನೆ ಮಾಡಿದರು. ಹತಾನೊ ಈಗಲೂ ವರ್ಷಕ್ಕೆ ಎರಡು ಸಲ ದಪ್ಪ ಲಕೋಟೆ ಕಳಿಸುತ್ತಾಳೆ. ಜೊತೆಗೆ ಕಾಗದ ಇರುವುದಿಲ್ಲ, ಕಾರ್ಡು ಮಾತ್ರ. ಅವರು ನೋಡಿ, ಕೆಂಪು ಪೆನ್ಸಿಲಿನಲ್ಲಿ ತಪ್ಪುಗಳ ಪಟ್ಟಿ ಬರೆದು ವಾಪಸು ಕಳಿಸುತ್ತಾರೆ. ಅವರ ಮನೆಗೆ ಅವಳು ಹೋದದ್ದಿಲ್ಲ, ಅವರು ಕರೆದದ್ದೂ ಇಲ್ಲ.

ಹೋದ ವಸಂತದಲ್ಲಿ ನಾನು ಹೋಗಿದ್ದೆ. ಸಿಹಿಗೆಣಸು ಬೇಯಿಸಿ ಕೊಟ್ಟರು. ಹೊಟ್ಟೆಕಿಚ್ಚು ಈಗಲಾದರೂ ಆರಿತೋ ಎಂದು ಸಲಿಗೆಯಿಂದ ಕೇಳಿದೆ. ಉಸಾಮಿ ಗೆಣಸಿನ ಸಿಪ್ಪೆ ಬಿಡಿಸುತ್ತಾ, “ಆರಿದ್ರೆ ಅವಳು ಲಕೋಟೆ ಕಳ್ಸೋದು ನಿಲ್ಲಿಸ್ತಾಳೆ ಕಣಮ್ಮ” ಎಂದರು.

ಕಳೆದ ತಿಂಗಳು ಯಸುಯೊ ಫೋನು ಮಾಡಿದ್ದರು. ಈ ಸಲದ ಲಕೋಟೆ ಬಂದು ಮೂರು ವಾರವಾಯಿತಂತೆ. ಉಸಾಮಿ ಎಲ್ಲ ಕಾರ್ಡನ್ನೂ ಮೂರು ಸಲ ಆಡಿ ನೋಡಿದರಂತೆ. ಒಂದು ತಪ್ಪೂ ಸಿಗಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಕೇಳಿದರೆ ಹಲ್ಲುನೋವು ಅಂದರು. ಆಮೇಲೆ ಬಿಳಿ ಹಾಳೆಯ ಮೇಲೆ ‘ಏನೂ ಸಿಗಲಿಲ್ಲ’ ಎಂದಷ್ಟೇ ಬರೆದು, ಅಂಚೆ ಪೆಟ್ಟಿಗೆಗೆ ತಾವೇ ಹಾಕಿ ಬರುತ್ತೇನೆಂದು, ಹೆಂಡತಿಯನ್ನೂ ಜೊತೆಗೆ ಬರಗೊಡದೆ ಹೊರಟುಹೋದರಂತೆ.