ಡೈಸಿ ಎಂದರೆ ಹಗಲಿನ ಕಣ್ಣು

ನಾನು ಹುಟ್ಟುವಾಗ ಅವ್ವ ಉಳಿಯುವ ನಂಬಿಕೆ ಯಾರಿಗೂ ಇರಲಿಲ್ಲವಂತೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ನಮ್ಮಿಬ್ಬರನ್ನೂ ಉಳಿಸಿಕೊಟ್ಟ ನರ್ಸಮ್ಮನ ಹೆಸರನ್ನೇ ಅಪ್ಪ ನನಗಿಟ್ಟ: ಡೈಸಿ. ಯಲ್ಲದಕೆರೆಯಲ್ಲಿ ಅದು ಯಾರಿಗೂ ವಿಚಿತ್ರ ಎನ್ನಿಸಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡೇ ನಾನು ಡೈಸಿಯಾಗಿ ಬೆಳೆದೆ.

ಹೊಳಲ್ಕೆರೆಯಿಂದ ಹೆಣ್ಣು ನೋಡಲು ಬಂದವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಕೈ ತೊಳೆದುಕೊಂಡು, "ಹುಡುಗಿ ಒಪ್ಪಿಗೆ ಐತ್ರಿ. ಆ ಹೆಸ್ರು ಮಾತ್ರ ನಮ್ಮನೇಲಿ ನಡಿಯಲ್ಲ," ಎಂದರು. ಅಪ್ಪ ತಲೆಯಾಡಿಸಿದ. ನನ್ನನ್ನು ಯಾರೂ ಕೇಳಲಿಲ್ಲ. ಮನೆ ತುಂಬಿಸಿಕೊಂಡ ದಿನವೇ ಅತ್ತೆ ನನಗೊಂದು ದೇವಿಯ ಹೆಸರು ಇಟ್ಟರು.

ಮೊದಲ ಸಲ ನನ್ನನ್ನು ನೋಡಲು ಬಂದ ಅಪ್ಪ ಬಾಗಿಲಲ್ಲೇ "ಡೈಸೀ" ಎಂದು ಕೂಗಿದಾಗ ಅತ್ತೆ ಮೆಲ್ಲಗೆ ಹೇಳಿದರು, "ಬೀಗರೇ, ಇಲ್ಲಿ ಹಂಗೆ ಕರೀಬ್ಯಾಡ್ರಿ." ಆಮೇಲೆ ಅಪ್ಪ ಬರೀ "ಮಗಳೇ" ಎನ್ನತೊಡಗಿದ. ಗಂಡ ಕೆಟ್ಟವರಲ್ಲ. ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿದ್ದಾಗ ಒಮ್ಮೆ ಹಳೆಯ ಹೆಸರಲ್ಲೇ ಕರೆದರು. ಕರೆದು, ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದರು.

ಕಳೆದ ವರ್ಷ ಮಗಳ ಶಾಲೆಯಲ್ಲಿ, ಅಮ್ಮನ ಹೆಸರಿನ ಅರ್ಥ ತಿಳಿದುಕೊಂಡು ಬಂದು ಹೇಳಿ ಎಂದಿದ್ದರು. ಆಗಲೇ ನಾನೂ ಮೊದಲ ಬಾರಿಗೆ ಮೊಬೈಲಿನಲ್ಲಿ ಹುಡುಕಿದ್ದು. ಹಳೆಯ ಇಂಗ್ಲಿಷಿನಲ್ಲಿ 'ಹಗಲಿನ ಕಣ್ಣು' ಎಂಬ ಮಾತೇ ಸವೆದು ಸವೆದು ಡೈಸಿ ಆಗಿದೆಯಂತೆ. ಬಿಳಿ ಎಸಳಿನ ಪುಟ್ಟ ಹೂವು. ಬೆಳಕಿಗೆ ಅರಳಿ ಸಂಜೆಗೆ ಮುಚ್ಚಿಕೊಳ್ಳುತ್ತದೆ. ಖುಷಿ ತಡೆಯಲಾಗದೆ ಅಡುಗೆಮನೆಯಿಂದಲೇ ಅಪ್ಪನಿಗೆ ಫೋನ್ ಮಾಡಿದೆ.

"ಹೌದೇನವ್ವ? ಹಂಗಾದ್ರೆ ಒಳ್ಳೆ ಹೆಸ್ರೇ ಇಟ್ಟಿದೀನಿ," ಎಂದು ನಕ್ಕ ಅಪ್ಪ ತಕ್ಷಣ ದನಿ ತಗ್ಗಿಸಿದ. "ಹತ್ರ ಯಾರಾದ್ರೂ ಅದಾರಾ?"

ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. ಧೈರ್ಯ ಮಾಡಿ ಅವರಿಗೂ ಅರ್ಥ ಹೇಳಿದೆ. "ನಮ್ ಸೇವಂತಿಗೆ ಜಾತಿದೇ ಹೂವು ಅತ್ತೆ."

"ನಿಮ್ಮಪ್ಪಂಗೆ ಸೇವಂತಿ ಅಂತ ಇಡಾಕೆ ಏನಾಗಿತ್ತು?" ಎಂದವರೇ ಮಗಳತ್ತ ತಿರುಗಿದರು. "ನಿಮ್ಮಮ್ಮನ ಹೆಸ್ರಿಗೆ ಶಿವನ ಹೆಂಡ್ತಿ ಅಂತ ಅರ್ಥ. ಅದನ್ನ ಹೇಳು."

ಮಗಳು ಗೊಂದಲದಿಂದ ನಿಂತಳು. ಪಡಸಾಲೆಯಲ್ಲಿ ಗಂಡ ಪೇಪರಿನ ಪುಟ ತಿರುವುವ ಸದ್ದು ನಿಂತಿತು. ಅವರು ಏನಾದರೂ ಹೇಳಬಹುದೆಂದು ಕಾದೆ. ಪುಟ ಮತ್ತೆ ತಿರುಗಿತು.

"ಅಜ್ಜಿ ಹೇಳಿದ್ದನ್ನೇ ಹೇಳವ್ವ," ಎಂದೆ.

ಮರುದಿನ ಸಂಜೆ ಅವಳು ಓಡಿ ಬಂದು, "ಎಲ್ರೂ ಚಪ್ಪಾಳೆ ತಟ್ಟಿದ್ರಮ್ಮ," ಎಂದಳು. ಅವಳನ್ನು ಅಪ್ಪಿಕೊಂಡೆ. ಜಾಣೆ ಎಂದು ತಲೆ ಸವರಿ, ಅವಳಿಗೆ ಕಾಣದಂತೆ ಕಣ್ಣೊರೆಸಿಕೊಂಡೆ.