ಬಿಸಿಲಿಗೆ ಬೆನ್ನು ಕೊಟ್ಟವನು

ನಮ್ಮ ಮಾವ ಉಣ್ಣುವಾಗಲೂ ಬಿಸಿಲಿಗೆ ಬೆನ್ನು ಕೊಟ್ಟೇ ಕೂರುತ್ತಿದ್ದ. ಬೆನ್ನ ಮೇಲೆ ಎರಡು ಸೋಲಾರ್ ಪ್ಲೇಟು, ಪುಸ್ತಕದ ಹಾಗೆ ಮಡಚಿ ಬಿಚ್ಚುವಂಥವು, ನೂಲಿನ ಹಗ್ಗದಲ್ಲಿ ಹೆಗಲಿಗೆ ಬಿಗಿದಿರುತ್ತಿದ್ದವು. ಹಗ್ಗ ಉಜ್ಜಿ ಉಜ್ಜಿ ಎರಡೂ ಹೆಗಲ ಮೇಲೆ ಕಪ್ಪು ಗೆರೆ ಬಿದ್ದು ಚರ್ಮ ಜಡ್ಡುಗಟ್ಟಿತ್ತು. ಬೆಳಿಗ್ಗೆ ಪಡುವಣಕ್ಕೆ ಮುಖ, ಸಂಜೆ ಮೂಡಣಕ್ಕೆ ಮುಖ. ಯಾರಾದರೂ ಮಾತಾಡಿಸಲು ಬಂದರೆ ಅವರೇ ಸುತ್ತು ಹಾಕಿ ಎದುರಿಗೆ ಬಂದು, ಕಣ್ಣಿಗೆ ಬಿಸಿಲು ಹೊಡೆಸಿಕೊಂಡು ನಿಲ್ಲಬೇಕಿತ್ತು. ಇವನು ತಿರುಗುವ ಪೈಕಿ ಅಲ್ಲ.

ಅವನು ನನ್ನ ಗಂಡನ ಅಪ್ಪ. ಅದಕ್ಕಿಂತ ಮೊದಲು ನನ್ನ ಅವ್ವನ ಒಡಹುಟ್ಟಿದ ಅಣ್ಣ. ಸೋದರಮಾವನ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಅಣ್ಣನ ಮನೆ ಎಂದು ಅವ್ವ ಕಣ್ಣು ಮುಚ್ಚಿ ಕೊಟ್ಟಳು. ಎದುರಿಗೆ ‘ರಿ’ ಹಚ್ಚದೆ ನಾನು ಅವನೊಡನೆ ಮಾತಾಡಿದವಳಲ್ಲ. ಬರೆಯುವಾಗ ಮಾತ್ರ ಅಷ್ಟು ಮರ್ಯಾದೆ ಕೈಗೆ ಬರುತ್ತಿಲ್ಲ.

ಕೂಡ್ಲಿಗಿ ಸೀಮೆಯ ಕುರಿ ಸಾಕುವ ಮನೆತನ ನಮ್ಮದು. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಕೊಟ್ಟೂರು, ಹಡಗಲಿ ದಾಟಿ ತುಂಗಭದ್ರೆಯ ದಂಡೆಗೆ ಹೋಗುವುದು, ದಾರಿಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದು, ಮಳೆ ಹಿಡಿಯುವ ಹೊತ್ತಿಗೆ ಮರಳುವುದು. ತಿಂಗಳುಗಟ್ಟಲೆ ಕರೆಂಟಿನ ಮುಖ ಕಾಣದ ಬದುಕು. ಹೀಗಾಗಿ ಮಾವನ ಬೆನ್ನೇ ನಮ್ಮ ಪಾಲಿನ ಕರೆಂಟ್ ಆಫೀಸು, ಅವನೇ ಅದರ ಸಾಹೇಬ. ಬಿಸಿಲೇರಿದ ಮೇಲೆ ಮೊದಲು ರಾತ್ರಿ ತೋಳ ಬಾರದಂತೆ ಕಾಯುವ ದೊಡ್ಡ ಬ್ಯಾಟರಿ ದೀಪ ಚಾರ್ಜಿಗೆ ಬೀಳಬೇಕು. ಅದು ತುಂಬಿದ ಮೇಲೆ ಅವನ ಫೋನು. ಆಮೇಲೂ ಬಿಸಿಲು ಉಳಿದಿದ್ದರೆ ನನ್ನದು. ಗಂಡನ ಫೋನು ಹೊಳೆಗೆ ಬಿದ್ದು ಹೋಗಿತ್ತು, ಇನ್ನೊಂದು ಕೊಡಿಸಿರಲಿಲ್ಲ. “ಅವನಿಗೇನು, ಕುರಿ ಫೋನ್ ಮಾಡ್ತಾವೇನು?” ಎಂದಿದ್ದ ಮಾವ.

ಒಮ್ಮೆ ಮೈಲಾರಕ್ಕೆ ನಡೆದು ಹೊರಟಿದ್ದ ಒಬ್ಬ ಭಕ್ತ ತನ್ನ ಜೊತೆಯವರಿಂದ ತಪ್ಪಿಹೋಗಿ ನಮ್ಮ ಹತ್ತಿರ ಬಂದ. ಫೋನು ಸತ್ತು ಹೋಗಿತ್ತು. ಕಾಲಲ್ಲಿ ಬೊಬ್ಬೆ. ಒಂದು ಮಾತಾಡುವಷ್ಟು ಚಾರ್ಜು ಸಿಕ್ಕರೆ ಸಾಕು ಎಂದು ಕೈ ಮುಗಿದ. ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸದೆ ಹೇಳಿದ: “ಬಿಸಿಲು ದೇವರದೈತಿ, ಪ್ಲೇಟು ನಂದೈತಿ. ನಡಕೊಂತ ಹೋಗಪಾ. ನಿಮ್ಮ ದೇವರು ಗುಡ್ಯಾಗ ಅದಾನ, ಫೋನ್‌ನಾಗ ಇಲ್ಲ.” ಹಾಗೆಂದವನೇ ಎರಡು ರೊಟ್ಟಿ, ಒಂದಿಷ್ಟು ಚಟ್ನಿ ಪುಡಿ ಅವನ ಕೈಗಿಟ್ಟ. ಉಣ್ಣಲು ಕೊಡುತ್ತಿದ್ದ, ನೀರು ಕೊಡುತ್ತಿದ್ದ, ಹೊದೆಯಲು ತನ್ನ ಕಂಬಳಿ ಬೇಕಾದರೂ ಕೊಡುತ್ತಿದ್ದ. ಚಾರ್ಜು ಮಾತ್ರ ಕೊಡುತ್ತಿರಲಿಲ್ಲ. ಆ ಭಕ್ತ ರೊಟ್ಟಿ ಹಿಡಿದುಕೊಂಡು ಕುಂಟುತ್ತಾ ಹೋದದ್ದನ್ನು ನೋಡಿ ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಅವ್ವ ಇಟ್ಟಿಗಿ ಊರಲ್ಲಿದ್ದಳು, ನನ್ನ ತಮ್ಮನ ಜೊತೆ. ಮಧ್ಯಾಹ್ನ ಕುರಿ ನೆರಳಿಗೆ ನಿಂತ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ಅವಳಿಗೆ ನನ್ನ ಯೋಗಕ್ಷೇಮ ಎಷ್ಟು ಬೇಕೋ ಅಣ್ಣನದೂ ಅಷ್ಟೇ ಬೇಕು. “ಅಣ್ಣ ಉಂಡಾನೇನು ಕೇಳು” ಎನ್ನುವಳು. ಮಾವ ಅಷ್ಟು ದೂರ ಕೂತಿದ್ದವನು ಯಾವುದೋ ಹಗ್ಗ ಹುಡುಕುವ ನೆವ ಮಾಡಿ ಹತ್ತಿರ ಬಂದು, ಆ ಕಡೆ ತಿರುಗಿಕೊಂಡೇ, “ಉಂಡೀನಿ ಅನ್ನು” ಎನ್ನುವನು. ಫೋನು ಕೈಗೆ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಅಣ್ಣ-ತಂಗಿ ನನ್ನನ್ನು ನಡುವೆ ನಿಲ್ಲಿಸಿಕೊಂಡೇ ಮಾತಾಡುತ್ತಿದ್ದರು. ಹಾಗೆ ಅವ್ವನೊಡನೆ ಮಾತು ಮುಗಿದ ದಿನ ನನಗೆ ಉಳಿದ ಕೆಲಸವೆಲ್ಲ ಹಗುರವಾಗುತ್ತಿತ್ತು.

ಆ ವರ್ಷ ನಾವು ಮೈಲಾರದ ಆಚೆ ಹೊಳೆಯ ಹತ್ತಿರದ ಒಂದು ಹೊಲದಲ್ಲಿದ್ದಾಗ ಅವ್ವ ಹಾಸಿಗೆ ಹಿಡಿದಳು. ಕಾಮಾಲೆ ಏರಿ ಮೈಗೆಲ್ಲ ಹರಡಿತ್ತು. ದನಿ ಸಣ್ಣಗಾಗಿತ್ತು. “ಒಮ್ಮಿ ಬಂದು ಹೋಗು ಮಗಳಾ” ಎಂದಳು. ನಾನು ಮಾವನನ್ನು ಕೇಳಿದೆ. ಹಿಂಡು ಮರಿ ಹಾಕುತ್ತಿದ್ದ ಕಾಲ ಅದು. ಹುಟ್ಟಿದ ಮರಿಯನ್ನು ತಾಯಿ ಮೊಲೆಗೆ ಹಚ್ಚುವುದು, ತಬ್ಬಲಿ ಮರಿಗೆ ಇನ್ನೊಂದು ತಾಯಿಯನ್ನು ಒಪ್ಪಿಸುವುದು ಹೆಂಗಸರ ಕೆಲಸ; ನಮ್ಮ ಗುಂಪಿನಲ್ಲಿ ಹೆಂಗಸು ಎಂದರೆ ನಾನೊಬ್ಬಳೇ.

“ಮರಿ ಹಾಕೂದು ಮುಗೀಲಿ” ಎಂದ.

“ಅವ್ವಗ ಭಾಳ ಆಗೈತ್ರಿ ಮಾವಾ.”

“ಆಕಿ ಗಟ್ಟಿ ಅದಾಳ. ನನಗ ಗೊತ್ತೈತಿ. ನಿನಗಿಂತ ಮೊದಲಿಂದ ನೋಡೀನಿ.”

ಬಸ್ಸು ಹತ್ತಿದ್ದರೆ ಮಧ್ಯಾಹ್ನದೊಳಗೆ ಇಟ್ಟಿಗಿ. ಆದರೂ ಅವನ ಮಾತು ಮೀರಿ ಹೊರಡುವ ಧೈರ್ಯ ನನಗೂ ಇರಲಿಲ್ಲ, ನನ್ನ ಗಂಡನಿಗಂತೂ ಇರಲೇ ಇಲ್ಲ. ದಿನಕ್ಕೊಮ್ಮೆ ಅವಳ ದನಿ ಕೇಳಿದರೆ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅಷ್ಟರಲ್ಲಿ ಮೋಡ ಕವಿಯಿತು. ಸಿಕ್ಕ ಚೂರುಪಾರು ಬಿಸಿಲೆಲ್ಲ ಬ್ಯಾಟರಿಗೆ ಮತ್ತು ಅವನ ಫೋನಿಗೆ ಹೋಯಿತು. ನನ್ನ ಫೋನು ಆರಿತು. ಅವನ ಫೋನಿನಿಂದ ಒಂದು ಮಾತಾಡಲೇ ಎಂದು ಕೇಳಿದರೆ, “ನಾಳಿಗಿ ಬಿಸಿಲು ಬೀಳ್ತತಿ, ನಿಂದರಾಗ ಮಾತಾಡು” ಎಂದ.

ಮರುದಿನ ಬಿಸಿಲು ಬಿದ್ದಿತು. ಎಳೆ ಬಿಸಿಲಿಗೇ ನನ್ನ ಫೋನು, ವೈರು ಹಿಡಿದುಕೊಂಡು ಮಾವನ ಕಡೆ ನಡೆದೆ. ಅವನು ಹೊಲದ ಬದುವಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಮಾತಾಡುತ್ತಿದ್ದ ಎನ್ನಬಾರದು, ಕೇಳುತ್ತಿದ್ದ. ಕೊನೆಗೆ “ಹ್ಞೂಂ” ಎಂದು ಫೋನು ಆರಿಸಿ ಒಳಜೇಬಿಗೆ ಇಟ್ಟ. ಹೆಗಲಿನ ಹಗ್ಗ ಬಿಚ್ಚಿದ. ಪ್ಲೇಟು ಇಳಿಸಿ ನೆಲಕ್ಕೆ ಬೋರಲು ಹಾಕಿ, ಮೇಲೆ ಕಂಬಳಿ ಹೊದಿಸಿದ.

“ಯಾಕ್ರಿ ಮಾವಾ?”

“ಕೆಟ್ಟೈತಿ.”

“ನಿನ್ನಿ ಚಲೋ ಇತ್ತಲ್ರಿ.”

“ಇವತ್ತು ಕೆಟ್ಟೈತಿ ಅಂದ್ನೆಲ್ಲ. ಆ ಕರಿ ಕುರಿ ಮರಿನ್ನ ಬಿಟ್ಟುಕೊಳ್ಳವಲ್ದು, ಹೋಗಿ ನೋಡು.”

ಹೋದೆ. ಅದು ಅದರ ಮರಿಯಲ್ಲ, ತಾಯಿ ಸತ್ತ ಮರಿ. ಕರಿ ಕುರಿಯ ಸ್ವಂತ ಮರಿ ಹುಟ್ಟುತ್ತಲೇ ಸತ್ತಿತ್ತು. ಆ ಸತ್ತ ಮರಿಯ ಮೈನೀರನ್ನು ಈ ತಬ್ಬಲಿಗೆ ಸವರಿ, ಕುರಿಯ ಕಾಲು ಹಿಡಿದು, ಮೂತಿಗೆ ಮರಿಯನ್ನು ಒಡ್ಡಿ, ಒದೆ ತಿಂದು, ಮತ್ತೆ ಒಡ್ಡಿ, ಮಧ್ಯಾಹ್ನದವರೆಗೆ ಅದೇ ಕೆಲಸ. ಕೊನೆಗೆ ಕುರಿ ಮರಿಯ ಬಾಲ ಮೂಸಿ ಸುಮ್ಮನೆ ನಿಂತಿತು, ಮರಿ ಮೊಲೆ ಹಿಡಿಯಿತು. ನನಗೆ ಖುಷಿಯಾಯಿತು. ಖುಷಿಯಾಯಿತು ಎನ್ನುವುದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ತಿರುಗಿ ನೋಡಿದರೆ ಮಾವ ಬಿಸಿಲಿಗೆ ಎದುರಾಗಿ ಕೂತಿದ್ದ. ಬಿಸಿಲು ನೇರ ಮುಖಕ್ಕೆ ಬಡಿಯುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಬೆನ್ನ ಮೇಲೆ ಪ್ಲೇಟಿಲ್ಲವಲ್ಲ, ಹೇಗೆ ಕೂತರೇನು ಎಂದುಕೊಂಡೆ.

ಹೊತ್ತು ಇಳಿಯುವಾಗ ನನ್ನ ತಮ್ಮ ಬೈಕಿನಲ್ಲಿ ಬಂದ. ಹೊಲದಿಂದ ಹೊಲಕ್ಕೆ ಕೇಳಿಕೊಂಡು ನಮ್ಮನ್ನು ಹುಡುಕಿ ಬಂದಿದ್ದ. ತಲೆ ನೆನೆದಿತ್ತು, ಉಗುರಿನ ಸಂದಿಯಲ್ಲಿ ಕೆಮ್ಮಣ್ಣು. ನನ್ನನ್ನು ನೋಡಿ ಬೈಕಿನಿಂದ ಇಳಿಯಲೇ ಇಲ್ಲ.

“ಯಾಕ ಬರಲಿಲ್ಲಕ್ಕಾ?”

“ಎಲ್ಲಿಗಿ?”

ಅವನು ಮಾವನ ಕಡೆ ನೋಡಿದ. “ಮುಂಜಾನಿ ಹೇಳಿದ್ನೆಲ್ಲೋ ಮಾವಾ. ಅವ್ವ ಹೋಗ್ಯಾಳ, ಅಕ್ಕನ್ನ ಕರಕೊಂಡು ಬಾ, ಸೀರಿ ತಗೊಂಡು ಬಾ ಅಂತ ಹೇಳಿದ್ನೆಲ್ಲ.”

ನಮ್ಮಲ್ಲಿ ಮಗಳಾಗಿ ಹುಟ್ಟಿದವಳು ಎಲ್ಲಿ ಸತ್ತರೂ ತವರಿನ ಸೀರೆ ಹೊದ್ದೇ ಮಣ್ಣಿಗೆ ಹೋಗಬೇಕು. ಅಪ್ಪ ಇಲ್ಲದಿದ್ದರೆ ಅಣ್ಣ ತರಬೇಕು. ಅವ್ವನಿಗೆ ಇದ್ದ ತವರು ಇವನೊಬ್ಬನೇ.

“ಮಧ್ಯಾಹ್ನ ಹೊಳ್ಳೋತನ ಕಾದ್ವಿ” ಎಂದ ತಮ್ಮ. “ನಿನ್ನ ಫೋನ್ ಬಂದ್, ಅಕ್ಕಂದೂ ಬಂದ್. ಮಂದಿ ತಡೀಲಿಲ್ಲ. ಕಡಿಗಿ ನಾನ ಅಂಗಡ್ಯಾಗಿಂದ ಒಂದು ತಂದು ಹೊದಿಸಿದೆ.”

ನಾನು ಮಾವನ ಅಂಗಿ ಹಿಡಿದೆ. ಹುಟ್ಟಿದಾಗಿನಿಂದ ಹೆದರಿದವಳು ಆಗ ಹೆದರಲಿಲ್ಲ. ಗಂಡ ಓಡಿ ಬಂದು ಬಿಡಿಸಿದ. ಅವನಿಗೂ ಏನೂ ಗೊತ್ತಿರಲಿಲ್ಲ. ಮಾವ ಅಂಗಿ ಸರಿ ಮಾಡಿಕೊಂಡು ಹೇಳಿದ:

“ಹೋಗಿದ್ರ ಎದ್ದು ಕೂಡ್ತಿದ್ಲೇನು? ಇಲ್ಲಿ ಬೆಳಗಿಂದ ಎಷ್ಟು ಮರಿ ಹುಟ್ಯಾವ ನೋಡಿದ್ಯಲ್ಲ. ಸತ್ತೋರು ಕಾಯ್ತಾರ. ಮರಿ ಕಾಯಂಗಿಲ್ಲ.”

ತಮ್ಮ ಬೈಕು ತಿರುಗಿಸಿದ. ನಾನು ಉಟ್ಟ ಸೀರೆಯಲ್ಲೇ ಹಿಂದೆ ಕೂತೆ. ಇಟ್ಟಿಗಿಯಲ್ಲಿ ನನಗೆ ಸಿಕ್ಕಿದ್ದು ಹಸಿ ಮಣ್ಣು, ಅದರ ಮೇಲೆ ಬಾಡಿದ ಹೂವು. ಕಾಮಾಲೆಗೆ ಮುಖ ಹೇಗಾಗಿತ್ತು, ಕಣ್ಣು ಮುಚ್ಚಿತ್ತೋ ತೆರೆದಿತ್ತೋ, ಎಲ್ಲವನ್ನೂ ನೆರೆಯವರ ಬಾಯಲ್ಲಿ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು.

ಆಮೇಲೆ ನಾನು ಹಿಂಡಿನ ಹಿಂದೆ ಹೋಗಲಿಲ್ಲ. ಗಂಡನೂ ಕುರಿ ಬಿಟ್ಟು ನನ್ನ ಜೊತೆ ಕೊಟ್ಟೂರಿಗೆ ಬಂದ. ಮಾರುಕಟ್ಟೆಯ ಗಾಡಿ ಓಡಿಸತೊಡಗಿದ. ನಾನು ಅಂಗನವಾಡಿಯಲ್ಲಿ ಸೇರಿಕೊಂಡೆ. ಮಾವ ಕೂಲಿಯವರನ್ನು ಇಟ್ಟುಕೊಂಡು ತಿರುಗುತ್ತಲೇ ಇದ್ದ. ಒಮ್ಮೆ ಸಂತೆಗೆ ಬಂದವನು ಒಂದು ಹೆಣ್ಣು ಮರಿಯನ್ನು ನಮ್ಮ ಬಾಗಿಲಿಗೆ ಕಟ್ಟಿ, “ಇದು ಆವತ್ತಿಂದು. ಕರಿ ಕುರಿ ಕುಡಿಸಿದ್ದು” ಎಂದ. ಬೆಳೆದು ದೊಡ್ಡದಾಗಿತ್ತು, ಮೈ ಹೊಳೆಯುತ್ತಿತ್ತು. ನನ್ನ ಕೈಯಾರೆ ಬದುಕಿಸಿದ ಮರಿ. ಹಗ್ಗ ಬಿಚ್ಚಿ ಅವನ ಕೈಗೇ ಕೊಟ್ಟೆ. ಹೊಡೆದುಕೊಂಡು ಹೋದ.

ಕೊನೆಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದು ಹೋಯಿತು. ಕೂಲಿಯವರು ಟಂಟಂ ಗಾಡಿಯಲ್ಲಿ ತಂದು ನಮ್ಮ ಪಡಸಾಲೆಯಲ್ಲಿ ಮಲಗಿಸಿ ಹೋದರು. ನಾನೇ ಉಣಿಸಿದೆ, ನಾನೇ ತೊಳೆದೆ. ಪ್ರೀತಿ ಉಕ್ಕಿ ಮಾಡಿದ್ದಲ್ಲ. ಅವ್ವ ಇದ್ದಿದ್ದರೆ ಅಣ್ಣನಿಗೆ ಮಾಡುತ್ತಿದ್ದಳು, ಅದಕ್ಕೆ ಮಾಡಿದೆ. ಗಂಜಿ ಕುಡಿಸುವಾಗೆಲ್ಲ ಆ ಪ್ರಶ್ನೆ ಗಂಟಲಿಗೆ ಬರುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

“ಆವತ್ತು ಯಾಕ ಹೇಳಲಿಲ್ರಿ ಮಾವಾ? ಖರೆ ಹೇಳ್ರಿ. ಮರಿ ಸಲುವಾಗಿ ಅಲ್ಲ.”

ಸೊಟ್ಟಗಾದ ಬಾಯಿಯಿಂದ ಮಾತು ಹೊರಡುವುದು ತಡವಾಯಿತು. ಗಂಜಿ ಗದ್ದಕ್ಕೆ ಇಳಿಯಿತು, ಒರೆಸಿದೆ.

“ನಿನಗ ಹೇಳಿದ್ರ... ನಾನೂ ಬರಬೇಕಾಕ್ಕಿತ್ತು” ಎಂದ. “ಆಕಿನ್ನ ಹಂಗ ನೋಡಾಕ ನನ್ನಿಂದ ಆಗತಿದ್ದಿಲ್ಲ.”

ತನಗೆ ನೋಡಲಾಗದ ಮುಖವನ್ನು ನನಗೂ ನೋಡಗೊಡಲಿಲ್ಲ. ಇಷ್ಟು ಸಣ್ಣ ಕಾರಣಕ್ಕೆ. ಕಲ್ಲು ಮನಸ್ಸಿನವನು ಎಂದು ದ್ವೇಷಿಸುವುದು ಸುಲಭವಿತ್ತು, ಅಳುಬುರುಕ ಎಂದು ತಿಳಿದ ಮೇಲೆ ಇನ್ನೂ ಸಿಟ್ಟು ಬಂತು. ಉಳಿದ ಗಂಜಿ ಕುಡಿಸಿ ಎದ್ದು ಹೋದೆ. ಕ್ಷಮಿಸಿದೆ ಎಂದು ಅವನಿಗೆ ನಾನು ಹೇಳಲಿಲ್ಲ, ಕ್ಷಮಿಸಲೂ ಇಲ್ಲ.

ಅವನು ಸತ್ತ ದಿನ ತಮ್ಮ ಇಟ್ಟಿಗಿಯಿಂದ ಬಂದು, ಮಣ್ಣು ಹಾಕಿ, ನೀರೂ ಮುಟ್ಟದೆ ಹೋದ. ಅದಕ್ಕೆ ಮೊದಲು, ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದಾಗ ನಾನು ಎದುರಿಗೇ ಕೂತು ನೋಡಿದೆ. ಬದುಕಿದ್ದಾಗ ಅವನ ಮುಖವನ್ನು ನೆಟ್ಟಗೆ ನೋಡಿದವಳಲ್ಲ ನಾನು, ಸೊಸೆ. ಸಾವು ಬಾಯಿಯ ಸೊಟ್ಟವನ್ನು ಸರಿ ಮಾಡಿತ್ತು. ಕೆನ್ನೆ ಇಳಿದು ಮೂಗು ಎದ್ದು ಕಾಣುತ್ತಿತ್ತು. ಅದು ಅವ್ವನ ಮೂಗು. ಹುಬ್ಬೂ ಅವಳದೇ, ಮುಚ್ಚಿದ ರೆಪ್ಪೆಯೂ ಅವಳದೇ. ನಾನು ಆ ಗದ್ದ ಹಿಡಿದುಕೊಂಡು ದೊಡ್ಡ ದನಿ ತೆಗೆದು ಅತ್ತೆ. ಮಾವನ ಮೇಲೆ ಸೊಸೆಗೆ ಎಷ್ಟು ಜೀವ ನೋಡ್ರಿ ಎಂದು ಕೂತಿದ್ದ ಹೆಂಗಸರು ಕಣ್ಣೊರೆಸಿಕೊಂಡರು.